ಹುಟ್ಟುಗುಣವೋ, ಕೊಟ್ಟ ಗುಣವೋ?

(ತಾಲೂಕು ಮಟ್ಟದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉಳಿತಾಯ, ಸಾಲ, ಬ್ಯಾಂಕಿನ ಲೆಕ್ಕ ಎಲ್ಲ ಮುಗಿದ ಮೇಲೆ ನನಗೆ ಮಾತನಾಡಲು ಹೇಳಿದ್ದೀರಿ. ಹೊಟ್ಟೆ ಹಸಿದಿದೆ, ಊಟದ ವಾಸನೆ ಬರುತ್ತಿದೆ, ಅದು ನನಗೂ ಗೊತ್ತು. ಆದರೂ ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಬೇಕು ಎಂದು ಬೇಡಿಕೊಳ್ಳುತ್ತೇನೆ.

ವಿಷಯ ಏನು ಎಂದು ಸಂಘದವರು ಕೇಳಿದಾಗ ನಾನು "ಮಕ್ಕಳ ಆಟಿಕೆ" ಎಂದೆ. ಅವರಿಗೆ ಗಲಿಬಿಲಿಯಾಯಿತು. "ಅಕ್ಕ, ನಮ್ಮಲ್ಲಿ ಗಂಡನ ಏಟು ತಿಂದು ಸಭೆಗೆ ಬರುವವರಿದ್ದಾರೆ. ಮಗಳ ವರದಕ್ಷಿಣೆಗೆ ಸಂಘದಲ್ಲೇ ಸಾಲ ಎತ್ತಿದವರಿದ್ದಾರೆ. ಅಂಥವರ ಮುಂದೆ ಆಟಿಕೆಯ ಮಾತೇ?" ಎಂದರು. ಹೌದು, ಅಂಥವರ ಮುಂದೆಯೇ ಆಡಬೇಕಾದ ಮಾತು ಇದು ಎಂದೆ. ಏಕೆಂದು ಹೇಳಲು ಮೊದಲು ಒಂದು ಘಟನೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬ ತಂಗಿ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಹೆಸರು, ಊರು ಬೇಡ. ಮೊಣಕೈ ಊದಿತ್ತು, ಕಿವಿಯ ಹಿಂದೆ ರಕ್ತ ಕರೆಗಟ್ಟಿತ್ತು. ಮದುವೆಯಲ್ಲಿ ಒಪ್ಪಿಕೊಂಡಿದ್ದ ಹಣದಲ್ಲಿ ಇನ್ನೂ ಬಾಕಿ ಇದೆ ಎನ್ನುವುದು ಗಂಡನ ಮನೆಯವರ ತಕರಾರು. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಅವಳ ಪರವಾಗಿ ನಾವು ಮೂವರು ಹೆಂಗಸರು ಹೋಗಿದ್ದೆವು. ನನ್ನ ಚೀಲದಲ್ಲಿ ಕಾಯ್ದೆಯ ಪುಸ್ತಕವಿತ್ತು. ಕಾನೂನಿನ ಮಾತು ಬಂದರೆ ಉತ್ತರ ಕೊಡಲು ಸಿದ್ಧವಾಗಿದ್ದೆ.

ಕಾನೂನಿನ ಮಾತು ಬರಲೇ ಇಲ್ಲ. ಹಿರಿಯ ಯಜಮಾನರೊಬ್ಬರು, ಕೆಟ್ಟವರಲ್ಲ, ಊರಿಗೆ ಬೇಕಾದವರು, ಅವಳನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ನೋಡವ್ವ, ನಿನ್ನ ಮಕ್ಕಳನ್ನೇ ನೋಡು. ಜಾತ್ರೆಗೆ ಹೋದರೆ ಗಂಡು ಹುಡುಗ ಬಂದೂಕು ಬೇಕು ಅಂತ ಹಟ ಹಿಡಿತಾನೆ. ಹೆಣ್ಣುಕೂಸು ಗೊಂಬೆ ಬೇಕು, ಅಡುಗೆ ಸಾಮಾನು ಬೇಕು ಅಂತದೆ. ಇದನ್ನ ಯಾರಾದರೂ ಹೇಳಿಕೊಟ್ರಾ? ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣವ್ವ. ಗಂಡಸಿಗೆ ಸಿಟ್ಟು ಕೊಟ್ಟೋನೂ ದೇವರೇ, ಹೆಂಗಸಿಗೆ ತಾಳ್ಮೆ ಕೊಟ್ಟೋನೂ ದೇವರೇ. ನೀನೇ ಒಸಿ ಸೈರಿಸಿಕೊಂಡು ಹೋಗು."

ಕಟ್ಟೆಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ಹಿಂದೆ ನಿಂತಿದ್ದ ಹೆಂಗಸರೂ ತಲೆಯಾಡಿಸಿದರು. ಅವಳ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗಳ ಬಟ್ಟೆಯ ಗಂಟು ಕಟ್ಟಿದಳು. ನಾನು ಬಾಯಿಬಿಡಲಿಲ್ಲ. ಹೊಡೆಯುವುದು ಅಪರಾಧ ಎಂದು ಹೇಳಲು ಗೊತ್ತಿತ್ತು. ಆದರೆ ಜಾತ್ರೆಯ ಬಂದೂಕಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಏಕೆಂದರೆ ಒಳಗೊಳಗೆ ನಾನೂ ಅದನ್ನು ನಂಬಿದ್ದೆ.

ಮೂರು ತಿಂಗಳಾದ ಮೇಲೆ ಅವಳನ್ನು ಆಸ್ಪತ್ರೆಯಲ್ಲಿ ನೋಡಿದೆ. ಬದುಕಿಕೊಂಡಳು. ಆದರೆ ಆವತ್ತು ಕಟ್ಟೆಯ ಮೇಲೆ ಕೊಡಬೇಕಾಗಿದ್ದ ಉತ್ತರ ನನ್ನ ತಲೆಯಲ್ಲಿ ಹಾಗೇ ಬಾಕಿ ಉಳಿಯಿತು. ಆ ಬಾಕಿಯನ್ನು ಇಂದು ನಿಮ್ಮ ಮುಂದೆ ತೀರಿಸುತ್ತಿದ್ದೇನೆ.

ಆ ಯಜಮಾನರ ಮಾತನ್ನು ಒಂದು ಏಣಿ ಎಂದುಕೊಳ್ಳಿ. ಅದಕ್ಕೆ ನಾಲ್ಕು ಮೆಟ್ಟಿಲು. ಮೊದಲನೆಯದು, ಗಂಡುಮಕ್ಕಳು ಒಂದು ಆಟಿಕೆ ಆರಿಸುತ್ತಾರೆ, ಹೆಣ್ಣುಮಕ್ಕಳು ಇನ್ನೊಂದು. ಎರಡನೆಯದು, ಆದ್ದರಿಂದ ಅದು ಹುಟ್ಟುಗುಣ. ಮೂರನೆಯದು, ಆದ್ದರಿಂದ ಗಂಡಸಿನ ಸಿಟ್ಟು, ಹೆಂಗಸಿನ ತಾಳ್ಮೆ ಕೂಡ ಹುಟ್ಟುಗುಣ. ನಾಲ್ಕನೆಯದು, ಆದ್ದರಿಂದ ಅವಳು ಏಟು ತಿಂದುಕೊಂಡು ಇರಬೇಕು. ಮೊದಲ ಮೆಟ್ಟಿಲು ಗಟ್ಟಿಯಾಗಿ ಕಂಡರೆ ಉಳಿದದ್ದನ್ನು ನಾವು ನೋಡದೆ ಹತ್ತಿಬಿಡುತ್ತೇವೆ. ಸಂಘದಲ್ಲಿ ಯಾರಾದರೂ ಸಾಲ ಕೇಳಿದರೆ ಹಾಗೆ ಕೊಡುತ್ತೇವೆಯೇ? ಪುಸ್ತಕ ತೆಗೆದು ಒಂದೊಂದು ಸಾಲನ್ನೂ ನೋಡುತ್ತೇವೆ. ಈ ಏಣಿಯನ್ನೂ ಹಾಗೆಯೇ ನೋಡೋಣ.

ಮೊದಲನೆಯದು: ಮಕ್ಕಳೇ ಆರಿಸುತ್ತಾರೆ ಎನ್ನುವುದು.

ಜಾತ್ರೆಯ ಆಟಿಕೆ ಅಂಗಡಿಯ ಮುಂದೆ ಒಂದು ಗಂಟೆ ನಿಂತು ನೋಡಿ. ಅಂಗಡಿಯವನು ಮೊದಲು ಕೇಳುವುದು "ಗಂಡು ಮಗೂಗಾ, ಹೆಣ್ಣು ಮಗೂಗಾ?" ಎಂದು. ಉತ್ತರ ಸಿಕ್ಕಿದ ಮೇಲೆಯೇ ಅವನ ಕೈ ಎಡಕ್ಕೋ ಬಲಕ್ಕೋ ಹೋಗುವುದು. ಮಗು ಆರಿಸುವ ಮೊದಲೇ ಅರ್ಧ ಅಂಗಡಿ ಅದರ ಪಾಲಿಗೆ ಮುಚ್ಚಿರುತ್ತದೆ.

ಬೇರೆಯವರ ತಪ್ಪು ಹೇಳುವ ಮೊದಲು ನನ್ನದನ್ನು ಹೇಳುತ್ತೇನೆ. ನಾನೂ ಒಂದು ಜಾತ್ರೆಯಲ್ಲಿ ಮೊಮ್ಮಗನಿಗೆ ಟ್ರ್ಯಾಕ್ಟರ್, ಮೊಮ್ಮಗಳಿಗೆ ಅಡುಗೆ ಸೆಟ್ಟು ತಂದೆ. ಎರಡು ದಿನಕ್ಕೆ ಹುಡುಗನಿಗೆ ಟ್ರ್ಯಾಕ್ಟರ್ ಸಾಕಾಯಿತು. ಹುಡುಗಿ ಅದರ ಹಿಂದಿನ ಟ್ರೇಲರಿಗೆ ತನ್ನ ಪಾತ್ರೆಗಳನ್ನೆಲ್ಲ ತುಂಬಿ "ಸಂತೆಗೆ ಹೊರಟೆ" ಎಂದು ಹಟ್ಟಿಯೆಲ್ಲ ಎಳೆದಾಡಿದಳು. ನಾನು ಏನು ಮಾಡಿದೆ? "ಅದು ಅಣ್ಣನದು, ಕೊಟ್ಟುಬಿಡು" ಎಂದು ಗದರಿಸಿ ಕಿತ್ತುಕೊಂಡೆ. ಅದೇ ಸಂಜೆ ಪಕ್ಕದ ಮನೆಯವರ ಹತ್ತಿರ "ಈ ಗಂಡುಹುಡುಗರಿಗೆ ಗಾಡಿ ಹುಚ್ಚು ನೋಡಿ" ಎಂದೆ. ಹುಡುಗ ಎರಡು ದಿನ ಆಡಿದ್ದು ನನ್ನ ಲೆಕ್ಕಕ್ಕೆ ಬಂತು, ಹುಡುಗಿ ಆಡಿದ್ದು ಬರಲಿಲ್ಲ. ಜಮಾ ಮಾತ್ರ ಬರೆದು ಖರ್ಚು ಬರೆಯದ ಲೆಕ್ಕದಂತೆ ಇದು. ನಾವು ನಂಬಿದ್ದಕ್ಕೆ ಹೊಂದುವುದು ಕಣ್ಣಿಗೆ ಬೀಳುತ್ತದೆ, ಹೊಂದದ್ದು ಬೀಳುವುದಿಲ್ಲ. ಇದು ತರ್ಕದ ಮೊದಲ ತಪ್ಪು.

ಇದು ನನ್ನೊಬ್ಬಳ ಕಥೆಯಲ್ಲ. 1976ರಲ್ಲಿ ಅಮೆರಿಕದಲ್ಲಿ ಕಾಂಡ್ರಿ ದಂಪತಿಗಳು ಎಂಬ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂಬತ್ತು ತಿಂಗಳ ಮಗುವೊಂದು ಆಡುವುದನ್ನು ವಿಡಿಯೊ ಮಾಡಿ 204 ಜನರಿಗೆ ತೋರಿಸಿದರು. ಮಗು ಒಂದೇ, ಚಿತ್ರ ಒಂದೇ. ಕೆಲವರಿಗೆ ಇದು ಗಂಡು ಎಂದರು, ಉಳಿದವರಿಗೆ ಹೆಣ್ಣು ಎಂದರು. ಮುಚ್ಚಳ ತೆರೆದರೆ ಬೊಂಬೆ ಪುಟಿದೇಳುವ ಪೆಟ್ಟಿಗೆಯನ್ನು ಕಂಡು ಮಗು ಬೆಚ್ಚಿ ಅತ್ತಿತು. ಗಂಡು ಎಂದುಕೊಂಡವರಲ್ಲಿ ಹೆಚ್ಚಿನವರು "ಮಗುವಿಗೆ ಸಿಟ್ಟು ಬಂದಿದೆ" ಎಂದರು. ಹೆಣ್ಣು ಎಂದುಕೊಂಡವರಲ್ಲಿ ಹೆಚ್ಚಿನವರು "ಮಗು ಹೆದರಿದೆ" ಎಂದರು. ಒಂದೇ ಕಣ್ಣೀರು, ಒಬ್ಬರಿಗೆ ಸಿಟ್ಟು, ಇನ್ನೊಬ್ಬರಿಗೆ ಭಯ! ಗಂಡಸಿಗೆ ಸಿಟ್ಟನ್ನು ದೇವರು ಕೊಟ್ಟ ಎಂದರಲ್ಲ ಯಜಮಾನರು, ಒಂಬತ್ತನೆಯ ತಿಂಗಳಲ್ಲೇ ಅದನ್ನು ನಾವು ಕೊಡುತ್ತಿದ್ದೇವೆ.

1978ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಆರು ತಿಂಗಳ ಕೂಸುಗಳಿಗೆ ಒಮ್ಮೆ ಗಂಡಿನ ಬಟ್ಟೆ, ಒಮ್ಮೆ ಹೆಣ್ಣಿನ ಬಟ್ಟೆ ಹಾಕಿ, ಪರಿಚಯವಿಲ್ಲದ ತಾಯಂದಿರ ಕೈಗೆ ಆಡಿಸಲು ಕೊಟ್ಟರು. ಗಂಡಿನ ಬಟ್ಟೆಯ ಕೂಸಿಗೆ ತಾಯಂದಿರು ಸುತ್ತಿಗೆ ಆಟಿಕೆಯನ್ನು ಮುಂದಿಟ್ಟರು, ಹೆಣ್ಣಿನ ಬಟ್ಟೆಯ ಕೂಸಿಗೆ ಗೊಂಬೆಯನ್ನು. ಅವರು ಬೇಕೆಂದು ಭೇದ ಮಾಡಿದವರಲ್ಲ. ನಮ್ಮ ನಿಮ್ಮಂಥ ತಾಯಂದಿರೇ. "ನಾವು ಇಬ್ಬರನ್ನೂ ಒಂದೇ ಥರ ಬೆಳೆಸಿದೆವು, ಆದರೂ ಅವರು ಬೇರೆ ಬೇರೆ ಆದರು" ಎಂದು ಪ್ರಾಮಾಣಿಕವಾಗಿ ಹೇಳುವವರು ಇದನ್ನು ಯೋಚಿಸಬೇಕು. ಒಂದೇ ಥರ ಬೆಳೆಸಿದೆವು ಎಂದು ನಮಗೆ ಅನ್ನಿಸುವುದೇ ಸಾಕ್ಷಿಯಾಗುವುದಿಲ್ಲ.

ಎರಡನೆಯದು: ಈಗ ಹೀಗಿದೆ, ಆದ್ದರಿಂದ ಹುಟ್ಟಿನಿಂದ ಹೀಗಿದೆ ಎನ್ನುವುದು.

ಇದಕ್ಕೆ ಬಣ್ಣದ ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿ ಹೊಲಿಗೆ ಮಾಡುವ ಅಕ್ಕಂದಿರಿದ್ದೀರಿ. ಒಬ್ಬರು ಬೆಳಿಗ್ಗೆ ನನಗೆ ಹೇಳಿದರು: "ಅಕ್ಕ, ಪಿಂಕ್ ಫ್ರಾಕು ಹೆಣ್ಣುಮಗುವಿಗೆ, ನೀಲಿ ಅಂಗಿ ಗಂಡುಮಗುವಿಗೆ. ಅದು ಬಿಟ್ಟು ಹೊಲಿದರೆ ಮಾರಾಟ ಆಗಲ್ಲ. ಹೆಣ್ಣುಮಕ್ಕಳಿಗೆ ಪಿಂಕ್ ಅಂದರೆ ಪ್ರಾಣ." ಅವರು ಹೇಳಿದ್ದು ಮಾರುಕಟ್ಟೆಯ ಮಟ್ಟಿಗೆ ನಿಜ. ಆದರೆ ಎಂದಿನಿಂದ ನಿಜ?

ಈ ಪಿಂಕ್-ನೀಲಿಯ ವಿಂಗಡಣೆ ನಮ್ಮ ಹಿರಿಯರದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಬಾಣಂತಿಯ ಮಡಿಲ ಕೂಸಿಗೆ ಗಂಡಾಗಲಿ ಹೆಣ್ಣಾಗಲಿ ಅಮ್ಮನ ಹಳೆಯ ಹತ್ತಿ ಸೀರೆಯ ತುಂಡೇ ಬಟ್ಟೆ. ಚನ್ನಪಟ್ಟಣದ ಮರದ ಆಟಿಕೆ ನೋಡಿ. ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದರೆ ಆ ಬಿಸಿಗೆ ಕರಗಿ ಕೂಡುವ ಕೆಂಪು, ಹಳದಿ, ಹಸಿರು. ಗಿಲಕಿಗೂ ಅದೇ ಬಣ್ಣ, ಬುಗುರಿಗೂ ಅದೇ ಬಣ್ಣ. ಗುಲಾಬಿ ಹೆಣ್ಣಿನ ಬಣ್ಣ ಎನ್ನುವವರು ಉತ್ತರ ಕರ್ನಾಟಕದ ಒಂದು ಮದುವೆಗೆ ಹೋಗಿ ಗಂಡಸರ ತಲೆಯ ಮೇಲಿನ ಗುಲಾಬಿ ರುಮಾಲು ನೋಡಲಿ. ಆ ಮೀಸೆ ಹೊತ್ತ ಗೌಡರ ಮುಂದೆ "ಇದು ಹೆಣ್ಣಿನ ಬಣ್ಣ" ಎಂದು ಹೇಳುವ ಧೈರ್ಯ ಇದ್ದರೆ ಹೇಳಲಿ!

ಈ ವಿಂಗಡಣೆ ಬೆಳೆದ ಅಮೆರಿಕದಲ್ಲೂ ಅದು ಹಳೆಯದಲ್ಲ. ಆ ದೇಶದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ 1884ರ ಒಂದು ಫೋಟೊ ಇದೆ. ಎರಡೂವರೆ ವರ್ಷದ ಹುಡುಗ, ಬಿಳಿಯ ಲಂಗ, ಉದ್ದ ಕೂದಲು. ಅಂದು ಅಲ್ಲಿ ಗಂಡು ಹೆಣ್ಣು ಎರಡೂ ಮಕ್ಕಳಿಗೆ ಅದೇ ಉಡುಪು. ನಮ್ಮಲ್ಲೂ ಚೌಲಕ್ಕೆ ಮುಂಚೆ ಗಂಡುಮಗುವಿಗೆ ಜಡೆ ಹಾಕಿ, ಹೂ ಮುಡಿಸಿ, ಲಂಗ ಉಡಿಸಿ ಫೋಟೊ ತೆಗೆಸುತ್ತಿದ್ದುದು ನಿಮಗೆ ನೆನಪಿರಬೇಕು. ನಿಮ್ಮಲ್ಲಿ ಎಷ್ಟು ಜನರ ಗಂಡಂದಿರ ಅಂಥ ಫೋಟೊ ಅತ್ತೆಯ ಪೆಟ್ಟಿಗೆಯಲ್ಲಿದೆ? ನಗುತ್ತಿದ್ದೀರಿ ಎಂದರೆ ಇದೆ. ಇನ್ನೂ ತಮಾಷೆಯೆಂದರೆ, 1918ರಲ್ಲಿ ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರಿಗಳ ಪತ್ರಿಕೆಯೊಂದು ಗುಲಾಬಿ ಗಂಡುಮಕ್ಕಳಿಗೆ, ನೀಲಿ ಹೆಣ್ಣುಮಕ್ಕಳಿಗೆ ಎಂದು ಬರೆದಿತ್ತು. ಕಾರಣ? ಗುಲಾಬಿ ಗಟ್ಟಿ ಬಣ್ಣ, ನೀಲಿ ಕೋಮಲ ಬಣ್ಣವಂತೆ. ಅದು ಆಮೇಲೆ ತಿರುಗುಮುರುಗಾಯಿತು. ಈ ಇತಿಹಾಸವನ್ನು ಜೋ ಪಾವೊಲೆಟ್ಟಿ ಎಂಬ ವಿದ್ವಾಂಸೆ 2012ರಲ್ಲಿ ಪುಸ್ತಕವಾಗಿಯೇ ಬರೆದಿದ್ದಾರೆ. ಹುಟ್ಟುಗುಣವಾಗಿದ್ದರೆ ಒಬ್ಬ ಅಜ್ಜಿಯ ಆಯಸ್ಸಿನೊಳಗೆ ಅದು ತಲೆಕೆಳಗಾಗುತ್ತಿತ್ತೇ? ಎರಡು ಬಣ್ಣ ಮಾಡಿದರೆ ಅಣ್ಣನ ಬಟ್ಟೆ ತಂಗಿಗೆ ಬರುವುದಿಲ್ಲ, ಎರಡು ಸಲ ಕೊಳ್ಳಬೇಕು. ಅದರ ಲಾಭ ಯಾರಿಗೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೂ ವಿದ್ಯಾವಂತರು ಹುಟ್ಟುಗುಣವನ್ನು ಬಿಡುವುದಿಲ್ಲ. 2007ರಲ್ಲಿ ಇಂಗ್ಲೆಂಡಿನ ಸಂಶೋಧಕಿಯರಿಬ್ಬರು ಯುವಕ ಯುವತಿಯರಿಗೆ ಬಣ್ಣಗಳನ್ನು ತೋರಿಸಿ, ಹೆಂಗಸರು ಕೆಂಪಿನ ಕಡೆಗೆ ಸ್ವಲ್ಪ ಹೆಚ್ಚು ವಾಲುತ್ತಾರೆ ಎಂದರು. ಕಾಡಿನ ಕಾಲದಲ್ಲಿ ಹೆಂಗಸರು ಮಾಗಿದ ಹಣ್ಣು ಹುಡುಕುತ್ತಿದ್ದುದರಿಂದ ಹೀಗಾಗಿರಬಹುದು ಎಂಬ ಊಹೆಯನ್ನೂ ಸೇರಿಸಿದರು. ಪತ್ರಿಕೆಗಳು ಊಹೆಯನ್ನು ಬಿಟ್ಟು "ಹೆಣ್ಣಿಗೆ ಪಿಂಕ್ ಹುಟ್ಟಿನಿಂದ" ಎಂದು ಹಾಡಿದವು. ಅಲ್ಲ ತಾಯಂದಿರೇ, ಆ ಯುವತಿಯರು ಇಪ್ಪತ್ತು ವರ್ಷ ದಾಟಿದವರು. ಇಪ್ಪತ್ತು ವರ್ಷ ಪಿಂಕ್ ಅಂಗಿ, ಪಿಂಕ್ ಚೀಲ, ಪಿಂಕ್ ಬಳೆಯ ನಡುವೆ ಬೆಳೆದವರನ್ನು ಕೇಳಿ ಹುಟ್ಟಿನ ಗುಣ ಹೇಳುವುದು, ಹಬ್ಬದ ಊಟ ಮಾಡಿ ಎದ್ದವನ ಕೈ ಮೂಸಿ "ಇವನ ಮೈಗೆ ಹುಟ್ಟಿನಿಂದಲೇ ತುಪ್ಪದ ವಾಸನೆ" ಎಂದಂತೆ. ನಮ್ಮ ಕಥೆಯ ಅಜ್ಜಿ ಇದ್ದಳಲ್ಲ, ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದುಕೊಂಡವಳು, ಅದೂ ಇದೇ ತಪ್ಪು. ಎರಡು ಸಂಗತಿ ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ.

ನಿಜ ತಿಳಿಯಬೇಕಾದರೆ ಎರಡು ಕೆಲಸ ಮಾಡಬೇಕು. ಚಿಕ್ಕ ಮಕ್ಕಳನ್ನು ನೋಡಬೇಕು, ಬೇರೆ ಸಮಾಜಗಳನ್ನು ನೋಡಬೇಕು. ಎರಡೂ ಆಗಿವೆ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಏಳು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳ ಮುಂದೆ ಬೇರೆ ಬೇರೆ ಬಣ್ಣದ ವಸ್ತುಗಳನ್ನಿಟ್ಟರು. ಕೂಸುಗಳಲ್ಲಿ ಭೇದವಿರಲಿಲ್ಲ. ಎರಡು ವರ್ಷದ ಸುಮಾರಿಗೆ, ಅಂದರೆ "ನಾನು ಹುಡುಗಿ, ನಾನು ಹುಡುಗ" ಎಂದು ಮಗು ಕಲಿಯುವ ಹೊತ್ತಿಗೆ, ಹುಡುಗಿಯರು ಗುಲಾಬಿ ಹಿಡಿಯತೊಡಗಿದರು, ಹುಡುಗರು ಅದನ್ನು ದೂರ ಮಾಡತೊಡಗಿದರು. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಪೆರು ದೇಶದ ಅಮೆಜಾನ್ ಕಾಡಿನ, ವನುವಾಟು ದ್ವೀಪದ, ಕಾಂಗೋ ಕಾಡಿನ ಬುಡಕಟ್ಟು ಮಕ್ಕಳನ್ನೂ ಆಸ್ಟ್ರೇಲಿಯದ ನಗರದ ಮಕ್ಕಳನ್ನೂ ನೋಡಿದರು. ಹುಡುಗಿಯರ ಗುಲಾಬಿ ಪ್ರೀತಿ ಕಂಡದ್ದು ನಗರದಲ್ಲಿ ಮಾತ್ರ.

ಬಣ್ಣ ಬಿಡಿ, ಆಟಿಕೆ? ಅಲ್ಲಿ ಕೋತಿಯನ್ನು ಕರೆತರುತ್ತಾರೆ. 2002ರಲ್ಲಿ ವರ್ವೆಟ್ ಎಂಬ ಜಾತಿಯ ಕೋತಿಗಳ ಮುಂದೆ ಆಟಿಕೆ ಇಟ್ಟಾಗ ಗಂಡು ಕೋತಿಗಳು ಕಾರು, ಚೆಂಡಿನ ಜೊತೆ, ಹೆಣ್ಣು ಕೋತಿಗಳು ಗೊಂಬೆ, ಅಡುಗೆ ಪಾತ್ರೆಯ ಜೊತೆ ಹೆಚ್ಚು ಹೊತ್ತು ಇದ್ದವು. "ನೋಡಿ, ಕೋತಿಗೆ ಯಾರು ಹೇಳಿಕೊಟ್ಟರು?" ಎನ್ನುತ್ತಾರೆ. ನಾನು ಕೇಳುತ್ತೇನೆ, ಕೋತಿ ಯಾವ ಒಲೆ ಹಚ್ಚುತ್ತದೆ? ಯಾವ ಕೋತಿಯ ಅಜ್ಜಿ ಸಾರಿಗೆ ಒಗ್ಗರಣೆ ಹಾಕಿದ್ದಳು? ಕೋತಿಗೆ ಅದು ಪಾತ್ರೆಯೇ ಅಲ್ಲ, ಹೊಳೆಯುವ ಒಂದು ವಸ್ತು. ಅದನ್ನು ಹೆಣ್ಣಿನ ಆಟಿಕೆ ಎಂದು ಪಟ್ಟಿಗೆ ಸೇರಿಸಿದವರು ಮನುಷ್ಯರು. ತಾವೇ ಚೀಲಕ್ಕೆ ಹಾಕಿದ್ದನ್ನು ತಾವೇ ಹೊರಗೆ ತೆಗೆದು "ಸಿಕ್ಕಿತು" ಎಂದರು. 2008ರಲ್ಲಿ ಇನ್ನೊಂದು ಜಾತಿಯ ಕೋತಿಗಳಿಗೆ ಚಕ್ರದ ಆಟಿಕೆ, ಮೆತ್ತನೆಯ ಗೊಂಬೆ ಕೊಟ್ಟು ನೋಡಿದರು. ಗಂಡು ಕೋತಿಗಳು ಚಕ್ರದ್ದನ್ನು ಇಷ್ಟಪಟ್ಟವು, ಹೆಣ್ಣು ಕೋತಿಗಳು ಎರಡರ ಜೊತೆಯೂ ಆಡಿದವು. ಹೆಣ್ಣಿಗೆ ಗೊಂಬೆಯೇ ಬೇಕು ಎಂದು ಅವು ಹೇಳಲಿಲ್ಲ.

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಹುಟ್ಟಿನಲ್ಲಿ ಏನೇನೂ ಭೇದವಿಲ್ಲ ಎಂದು ನಾನು ಹೇಳುತ್ತಿಲ್ಲ. ಗರ್ಭದಲ್ಲಿ ಕೆಲವು ಹಾರ್ಮೋನುಗಳ ಪ್ರಮಾಣ ಹೆಚ್ಚಾಗಿದ್ದ ಹೆಣ್ಣುಮಕ್ಕಳು ಗಾಡಿಯಂಥ ಆಟಿಕೆಗಳನ್ನು ಸರಾಸರಿಯಲ್ಲಿ ಹೆಚ್ಚು ಆಡುತ್ತಾರೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಇರಲಿ. ಆದರೆ 'ಸರಾಸರಿ' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸರಾಸರಿಯಲ್ಲಿ ಗಂಡಸರು ಹೆಂಗಸರಿಗಿಂತ ಎತ್ತರ. ಹಾಗೆಂದು ನಮ್ಮ ಸಂಘದ ಎತ್ತರದ ಅಕ್ಕನನ್ನು ನೋಡಿ "ನೀನು ಕುಳ್ಳಿಯೇ" ಎನ್ನಲಾಗುತ್ತದೆಯೇ? ಗುಂಪಿನ ಮಾತನ್ನು ಒಬ್ಬೊಬ್ಬರ ತಲೆಗೆ ಕಟ್ಟುವುದು ತರ್ಕದ ಇನ್ನೊಂದು ತಪ್ಪು.

ಈ ಮೆಟ್ಟಿಲು ಮುರಿದುಬೀಳುವುದಕ್ಕೆ ಅಧ್ಯಯನವೂ ಬೇಡ, ನಮ್ಮ ಗಾದೆಯೇ ಸಾಕು. "ಹುಟ್ಟುಗುಣ ಸುಟ್ಟರೂ ಹೋಗದು" ಎಂದ ಅದೇ ಬಾಯಿ ಹುಡುಗಿ ಮರ ಹತ್ತಿದಾಗ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎನ್ನುತ್ತದೆ. ಎರಡೂ ಹೇಗೆ ನಿಜವಾಗುತ್ತವೆ? ಹುಟ್ಟುಗುಣವಾದರೆ ಬಗ್ಗಿಸುವುದು ಏಕೆ? ಹುಡುಗ ಗೊಂಬೆ ಎತ್ತಿಕೊಂಡರೆ "ಹೆಣ್ಣಿಗ" ಎಂದು ನಗುವುದು ಏಕೆ? ಅತ್ತರೆ "ಹೆಣ್ಣಿನ ಹಾಗೆ ಅಳಬೇಡ" ಎಂದು ತಲೆಗೆ ಮೊಟಕುವುದು ಏಕೆ? ನೀರು ಇಳಿಜಾರಿಗೆ ಹರಿಯುವುದಕ್ಕೆ ಯಾರೂ ಬೆತ್ತ ಹಿಡಿದು ನಿಲ್ಲುವುದಿಲ್ಲ. ಕಾವಲು ಹಾಕಿದ್ದಾರೆ ಎಂದರೆ, ಬಿಟ್ಟರೆ ಅದು ಬೇರೆ ಕಡೆಗೂ ಹರಿಯುತ್ತದೆ ಎಂದು ಅವರಿಗೇ ಗೊತ್ತಿದೆ.

ಮೂರನೆಯದು: ಆಟಿಕೆಯಿಂದ ಸಿಟ್ಟಿಗೆ ಹಾರುವುದು.

ಹುಡುಗ ಬಂದೂಕು ಕೇಳಿದ್ದಕ್ಕೂ ಗಂಡ ಹೊಡೆಯುವುದಕ್ಕೂ ನಡುವೆ ದೊಡ್ಡ ಹಳ್ಳವಿದೆ. ಬಂದೂಕಿನ ಆಟ ಆಡಿದ ಹುಡುಗರೆಲ್ಲ ಹೆಂಡತಿಗೆ ಹೊಡೆಯುವವರಾಗುವುದಿಲ್ಲ. ಇನ್ನು ತಡೆಯಲಾಗದ ಸಿಟ್ಟು ಎನ್ನುತ್ತಾರಲ್ಲ, ಅದನ್ನು ಸ್ವಲ್ಪ ಗಮನಿಸಿ. ಕೂಲಿ ಕಡಿಮೆ ಕೊಟ್ಟ ಸಾಹುಕಾರನ ಮುಂದೆ ಆ ಸಿಟ್ಟು ಬರುವುದಿಲ್ಲ. ಪೊಲೀಸಿನವರ ಮುಂದೆ ಬರುವುದಿಲ್ಲ. ಸಾಲ ಕೊಡದ ಬ್ಯಾಂಕಿನ ಮ್ಯಾನೇಜರ ಮುಂದೆ ಕೈ ಕಟ್ಟಿ ನಿಲ್ಲುತ್ತದೆ. ಮನೆಯ ಬಾಗಿಲು ಹಾಕಿದ ಮೇಲೆ, ಎದುರಿಗೆ ಹೆಂಡತಿ ಇದ್ದಾಗ ಮಾತ್ರ ಬರುತ್ತದೆ. ಇಷ್ಟು ಲೆಕ್ಕ ಹಾಕಿ, ಆಳು ನೋಡಿ, ಜಾಗ ನೋಡಿ ಬರುವ ಸಿಟ್ಟು ಹುಟ್ಟುಗುಣ ಹೇಗಾದೀತು? ಅದು ಅಧಿಕಾರ. ಹೊಡೆದರೂ ಏನೂ ಆಗುವುದಿಲ್ಲ ಎಂಬ ಧೈರ್ಯ.

ಹಾಗೆಯೇ ತಾಳ್ಮೆ. ಹೋಗಲು ಜಾಗವಿಲ್ಲದವಳು, ಕೈಯಲ್ಲಿ ಕಾಸಿಲ್ಲದವಳು, ತವರು "ಬರಬೇಡ" ಎಂದವಳು ಸುಮ್ಮನಿದ್ದರೆ ಅದನ್ನು ತಾಳ್ಮೆ ಎಂದು ಹೊಗಳುತ್ತೇವೆ. ಬೇರೆ ದಾರಿ ಇಲ್ಲದಿರುವುದಕ್ಕೆ ಗುಣದ ಹೆಸರಿಟ್ಟಿದ್ದೇವೆ.

ನಾಲ್ಕನೆಯದು: ಸಹಜವಾದ್ದರಿಂದ ಸರಿ ಎನ್ನುವುದು.

ವಾದಕ್ಕೆ ಮೂರೂ ಮೆಟ್ಟಿಲು ಗಟ್ಟಿ ಎಂದು ಒಪ್ಪೋಣ. ಗಂಡಸಿಗೆ ಸಿಟ್ಟು ಹುಟ್ಟಿನಿಂದಲೇ ಹೆಚ್ಚು ಎಂದುಕೊಳ್ಳೋಣ. ಆಗಲೂ ಅವಳು ಏಟು ತಿನ್ನಬೇಕು ಎಂದು ಎಲ್ಲಿಂದ ಬಂತು? ಸಿಡುಬು ಸಹಜವಾಗಿಯೇ ಬರುತ್ತಿತ್ತು. ಲಸಿಕೆ ಹಾಕಿ ಓಡಿಸಿದೆವು. ಕಣ್ಣು ಮಂಜಾಗುವುದು ಸಹಜ, ಕನ್ನಡಕ ಹಾಕಿಕೊಳ್ಳುತ್ತೇವೆ. ಒಬ್ಬನಿಗೆ ಸಿಟ್ಟು ಜಾಸ್ತಿ ಎಂದರೆ ಕಡಿವಾಣ ಅವನಿಗೆ ಹಾಕಬೇಕೇ ಹೊರತು ಬೆನ್ನು ಕೊಡಬೇಕಾದವಳು ಅವಳಲ್ಲ. ಹಾಯುವ ಎತ್ತಿಗೆ ಮೂಗುದಾರ ಹಾಕುತ್ತೇವೆ, ದಾರಿಹೋಕರಿಗಲ್ಲ.

ಕಾನೂನು ಕೂಡ ಹುಟ್ಟುಗುಣ ಯಾವುದು ಎಂದು ಕೇಳುವುದಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಸಾರಿದ 498ಎ ಕಲಮು 1983ರಲ್ಲಿ ಬಂತು, ಮಹಿಳಾ ಸಂಘಟನೆಗಳು ಬೀದಿಗಿಳಿದು ಹೋರಾಡಿದ ಕಾಲವದು. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ. ಮೂರು ವರ್ಷದವರೆಗೆ ಸಜೆ, ಜೊತೆಗೆ ದಂಡ. 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯಲ್ಲಿ ರಕ್ಷಣೆಯ ಆದೇಶವನ್ನೂ, ಗಂಡನ ಮನೆಯಲ್ಲೇ ವಾಸಿಸುವ ಹಕ್ಕಿನ ಆದೇಶವನ್ನೂ ಕೇಳಬಹುದು. ಇದನ್ನು ಕಟ್ಟೆಯ ಮೇಲೆ ಹೇಳಬೇಕಾಗಿತ್ತು, ಹೇಳಲಿಲ್ಲ.

ವರದಕ್ಷಿಣೆಯ ಬೇರೂ ಇದೇ ಏಣಿಯಲ್ಲಿದೆ. ಹೆಣ್ಣುಮಗುವಿಗೆ ಅಡುಗೆ ಸೆಟ್ಟು ಕೊಟ್ಟು "ಮನೆಯೇ ನಿನ್ನ ಲೋಕ" ಎನ್ನುತ್ತೇವೆ. ಮನೆಗೆಲಸ ದುಡಿಮೆಯೇ ಅಲ್ಲ ಎನ್ನುತ್ತೇವೆ. ದುಡಿಯದವಳು ಹೊರೆ, ಹೊರೆ ಹೊರುವವನಿಗೆ ಹಣ ಕೊಡಬೇಕು ಎನ್ನುತ್ತೇವೆ. ನಾಟಿ ಮಾಡುವ, ಬೀಡಿ ಕಟ್ಟುವ, ರೇಷ್ಮೆ ಹುಳು ಸಾಕುವ, ಹಾಲು ಕರೆಯುವ ಹೆಂಗಸರು ಇಲ್ಲಿ ಕುಳಿತಿದ್ದೀರಿ. ಯಾರು ಯಾರಿಗೆ ಹೊರೆ? "ವರದಕ್ಷಿಣೆ ಅಂದರೆ ಮಗಳ ಪಾಲು" ಎನ್ನುವವರಿಗೂ ಒಂದು ಮಾತು. ಪಾಲಾದರೆ ಅದು ಮಗಳ ಹೆಸರಿನಲ್ಲಿರಬೇಕು, ಅಳಿಯನ ಕೈಯಲ್ಲಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತು, ದೇಶಕ್ಕೆಲ್ಲ ಬಂದದ್ದು 2005ರಲ್ಲಿ.

ಈಗ ನಮ್ಮ ಕಡೆಯ ತಪ್ಪು ತರ್ಕವನ್ನೂ ಹೇಳಿಬಿಡುತ್ತೇನೆ. ಆಟಿಕೆ ಬದಲಾಯಿಸಿದರೆ, ಪಿಂಕ್ ಫ್ರಾಕು ಸುಟ್ಟರೆ ಹಿಂಸೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೂ ಒಂದೇ ನೆಗೆತದಲ್ಲಿ ಹಳ್ಳ ಹಾರುವ ಮಾತೇ. ಗೊಂಬೆ ಕೆಟ್ಟದ್ದಲ್ಲ, ಅಡುಗೆ ಕೀಳಲ್ಲ. ಮಗಳಿಗೆ ಪಿಂಕ್ ಇಷ್ಟವಾದರೆ ತೊಡಲಿ. ತಪ್ಪು ಇರುವುದು, ಆ ಪಾತ್ರೆ ಮಗನ ಕೈಗೆ ಬಾರದಿರುವುದರಲ್ಲಿ. ಕೂಸನ್ನು ತೂಗುವ ಆಟ ಆಡದ ಹುಡುಗನಿಗೆ ಮುಂದೆ ಕೂಸು ತೂಗುವುದು ತನ್ನ ಕೆಲಸ ಎಂದು ಹೇಗೆ ಅನ್ನಿಸಬೇಕು?

ಎರಡು ಅಂಕಿ ಹೇಳಿ ಮುಗಿಸುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 100 ಹೆಂಗಸರಲ್ಲಿ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ. ಅದೇ ಸಮೀಕ್ಷೆಯಲ್ಲಿ ಅತ್ತೆಮಾವನಿಗೆ ಮರ್ಯಾದೆ ಕೊಡದಿದ್ದರೆ, ಅಡುಗೆ ಸರಿಯಾಗಿ ಮಾಡದಿದ್ದರೆ ಎಂದು ಕೆಲವು ಕಾರಣಗಳನ್ನು ಓದಿ, ಇಂಥದ್ದಕ್ಕೆ ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದರು. ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದ ಹೆಂಗಸರು ನಮ್ಮ ರಾಜ್ಯದಲ್ಲಿ 100ಕ್ಕೆ 77. ಏಟು ತಿಂದವರಿಗಿಂತ ಏಟನ್ನು ಒಪ್ಪಿದವರು ಹೆಚ್ಚು! ಆ ಏಣಿ ಯಜಮಾನರ ಕಟ್ಟೆಯ ಮೇಲೆ ಮಾತ್ರವಿಲ್ಲ, ನಮ್ಮ ಅಡುಗೆಮನೆಯ ಗೋಡೆಗೂ ಒರಗಿದೆ.

ಆದ್ದರಿಂದ ನಾಲ್ಕು ಪ್ರಶ್ನೆ ಕಲಿತುಕೊಳ್ಳೋಣ. "ಹುಟ್ಟುಗುಣ" ಎಂದು ಯಾರಾದರೂ ಹೇಳಿದ ಕೂಡಲೇ ಕೇಳಿ:

ಎಲ್ಲರೂ ಹೀಗೆಯೇ, ಅಥವಾ ಕೆಲವರೇ?

ಎಲ್ಲ ಕಾಲದಲ್ಲೂ ಎಲ್ಲ ಊರಿನಲ್ಲೂ ಹೀಗೆಯೇ?

ಹಾಗಿಲ್ಲದ ಮಗುವನ್ನು ನೀವು ಏನು ಮಾಡಿದಿರಿ?

ಹಾಗೇ ಇದ್ದರೂ ಅದಕ್ಕೂ ಏಟಿಗೂ ಏನು ಸಂಬಂಧ?

ಮುಂದಿನ ವಾರದ ಸಭೆಯಲ್ಲಿ, ಉಳಿತಾಯ ಕಟ್ಟಿದ ಮೇಲೆ, ಒಬ್ಬರು ಯಜಮಾನರಾಗಿ ಕುಳಿತುಕೊಳ್ಳಿ, ಒಬ್ಬರು ಹೊಡೆಸಿಕೊಂಡ ತಂಗಿಯಾಗಿ ನಿಲ್ಲಿ, ಉಳಿದವರು ಈ ಪ್ರಶ್ನೆ ಕೇಳಿ ಅಭ್ಯಾಸ ಮಾಡಿ. ಕಟ್ಟೆಯ ಮುಂದೆ ನಿಂತಾಗ ನನ್ನಂತೆ ಬಾಯಿ ಕಟ್ಟಬಾರದು. ನಿಮ್ಮಲ್ಲಿ ಯಾರಿಗಾದರೂ ತೊಂದರೆ ಇದ್ದರೆ ಸಂಘದ ಒಬ್ಬರಿಗಾದರೂ ಹೇಳಿ, 181 ಮಹಿಳಾ ಸಹಾಯವಾಣಿಗೆ ಫೋನು ಮಾಡಿ. ಒಬ್ಬಳೇ ಠಾಣೆಗೆ ಹೋಗಬೇಡಿ, ನಾಲ್ಕು ಜನ ಕೂಡಿ ಹೋಗಿ.

ಆ ತಂಗಿ ಈಗ ಬೇರೆ ಮನೆ ಮಾಡಿಕೊಂಡಿದ್ದಾಳೆ. ಒಂದು ಸಂಘದಲ್ಲಿ ಸದಸ್ಯೆ. ಹೋದ ವರ್ಷ ಸಿಕ್ಕಾಗ ಪಂಚಾಯ್ತಿಯ ಮಾತು ಬಂತು. ಅವಳು ಹೇಳಿದಳು: "ಅಕ್ಕ, ಯಜಮಾನರು ನನ್ನ ಮಗನ ಬಂದೂಕಿನ ಮಾತೆತ್ತಿದರಲ್ಲ, ಆ ಜಾತ್ರೇಲಿ ಮಗ ಕೇಳಿದ್ದು ಪೀಪಿ. ಗಂಡುಮಗ ಪೀಪಿ ಊದಿಕೊಂಡು ತಿರುಗೋದಾ ಅಂತ ಬಂದೂಕು ಕೊಡಿಸಿದ್ದು ಅವನಪ್ಪ."

ಅದನ್ನು ಆವತ್ತೇ ಏಕೆ ಹೇಳಲಿಲ್ಲ ಎಂದೆ. "ನನ್ನನ್ನ ಯಾರು ಕೇಳಿದ್ರು?" ಎಂದಳು.

ಕಟ್ಟೆಯ ಮೇಲೆ ನಾನೂ ಕೇಳಿರಲಿಲ್ಲ. ಇನ್ನು ಮುಂದೆ ಕೇಳೋಣ. ಮೊದಲು ಅವಳನ್ನು ಕೇಳೋಣ.